ಜಿಕ್ಯಾಮ್ ಟಚ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

"ಟಚ್ ವರ್ಕ್ ಆಗ್ತಿಲ್ಲ ಕಣೋ, ಏನ್ ಮಾಡ್ಲಿ?" ಜಿಕ್ಯಾಮ್, ಅಂದರೆ ಬೇರೆ ಫೋನುಗಳಿಗೆ ತಿದ್ದಿ ಹಂಚುವ ಗೂಗಲ್ ಕ್ಯಾಮೆರಾ ಆ್ಯಪ್, ಹಾಕಿಕೊಂಡ ಗೆಳೆಯರಿಂದ ನನಗೆ ಬರುವ ಮೆಸೇಜ್ ಹೆಚ್ಚುಕಡಿಮೆ ಇಷ್ಟೇ. ಈ ಒಂದು ಸಾಲಿನ ಹಿಂದೆ ಏನು ಬೇಕಾದರೂ ಇರಬಹುದು. ಶಟರ್ ಒತ್ತಿದರೂ ಫೋಟೋ ಬಾರದೆ ಇರಬಹುದು. ಮುಖದ ಮೇಲೆ ಒತ್ತಿದರೆ ಹಿಂದಿನ ಗೋಡೆಗೆ ಫೋಕಸ್ ಹೋಗುತ್ತಿರಬಹುದು. 0.6ಎಕ್ಸ್ (ಅಲ್ಟ್ರಾವೈಡ್ ಲೆನ್ಸಿನ) ಬಟನ್ ಮುಟ್ಟಿದ ತಕ್ಷಣ ಆ್ಯಪ್ ಮುಚ್ಚಿಕೊಳ್ಳುತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಆದರೆ ಜನ ಮಾಡುವ ಕೆಲಸ ಮಾತ್ರ ಒಂದೇ, ಇನ್ನೊಂದು ಕಾನ್ಫಿಗ್ ಫೈಲ್ (ಬೇರೆಯವರು ಹೊಂದಿಸಿಟ್ಟ ಸೆಟ್ಟಿಂಗ್‌ಗಳ ಫೈಲ್) ಹುಡುಕಿ ಹಾಕುವುದು. ಅದೂ ಆಗದಿದ್ದರೆ ಮತ್ತೊಂದು.

ಸ್ವಲ್ಪ ಹೊತ್ತು ಕಾನ್ಫಿಗ್ ಮರೆತುಬಿಡಿ. ಮೊದಲು ನಿಮ್ಮ ಬೆರಳಿನ ಟ್ಯಾಪ್ ಎಲ್ಲಿ ಕಳೆದುಹೋಗುತ್ತಿದೆ ಅಂತ ಪತ್ತೆ ಮಾಡೋಣ.

ಸ್ಕ್ರೀನ್ ಮೇಲೆ ಬೆರಳಿಟ್ಟಾಗ ಆ ಸುದ್ದಿ ನಾಲ್ಕು ಕೈ ದಾಟಬೇಕು. ಬೆರಳು ಎಲ್ಲಿದೆ ಅಂತ ಟಚ್ ಪ್ಯಾನೆಲ್ ಗುರುತಿಸಬೇಕು. ಅದನ್ನು ಆಂಡ್ರಾಯ್ಡ್ ಸರಿಯಾದ ಆ್ಯಪ್‌ಗೆ ತಲುಪಿಸಬೇಕು. ಇದು ಶಟರ್‌ಗೆ ಒತ್ತಿದ್ದು, ಇದು ಫೋಕಸ್‌ಗೆ ಒತ್ತಿದ್ದು ಅಂತ ಆ್ಯಪ್ ತಿಳಿದುಕೊಳ್ಳಬೇಕು. ಕೊನೆಗೆ ಫೋನ್ ಕಂಪನಿ ಬರೆದ ಕ್ಯಾಮೆರಾ ಡ್ರೈವರ್ ಆ ಮಾತು ಕೇಳಬೇಕು. ಮಾಡ್ ಮಾಡಿದವರ, ಅಂದರೆ ಆ್ಯಪನ್ನು ತಿದ್ದಿದವರ, ಕೈಯಲ್ಲಿರುವುದು ಮೂರನೆಯದು ಮಾತ್ರ. ಜಿಕ್ಯಾಮ್ ಮೂಲತಃ ಗೂಗಲ್‌ನ ಪಿಕ್ಸೆಲ್ ಫೋನುಗಳಿಗೆ ಬರೆದ ಆ್ಯಪ್. ಅದನ್ನು ಬಿಚ್ಚಿ, ತಿದ್ದಿ, ಎಂಜಿಸಿ, ಎಲ್‌ಎಂಸಿ, ಎಜಿಸಿ ಅಂತೆಲ್ಲ ಹೆಸರಿಟ್ಟು ಹಂಚುತ್ತಾರೆ. ಪಿಕ್ಸೆಲ್‌ನ ಸೆನ್ಸರ್, ಲೆನ್ಸ್, ಸ್ಕ್ರೀನ್ ನಂಬಿಕೊಂಡು ಬರೆದ ಕೋಡ್ ಈಗ ನಿಮ್ಮ ಫೋನಿನಲ್ಲಿ ಓಡುತ್ತಿದೆ. ಎಲ್ಲೋ ಒಂದು ಕಡೆ ಜಗಳ ಬರದೇ ಇರುತ್ತದಾ?

ಗಾಜಿನ ಲೆಕ್ಕ ಮೊದಲು ಮುಗಿಸಿ

ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಒಳಗೆ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಕೆಲವು ಫೋನುಗಳಲ್ಲಿ ಬಿಲ್ಡ್ ನಂಬರ್ ಬದಲು ಕಂಪನಿಯ ಸಾಫ್ಟ್‌ವೇರ್ ವರ್ಷನ್ ಮೇಲೆ ಒತ್ತಬೇಕು. ಡೆವಲಪರ್ ಆಪ್ಷನ್ಸ್ ಒಳಗೆ 'ಶೋ ಟ್ಯಾಪ್ಸ್' ಮತ್ತು 'ಪಾಯಿಂಟರ್ ಲೊಕೇಶನ್' ಅಂತ ಎರಡು ಸ್ವಿಚ್ ಇವೆ. ಎರಡನ್ನೂ ಆನ್ ಮಾಡಿ. ಈಗ ಬೆರಳಿಟ್ಟ ಕಡೆ ಒಂದು ಚುಕ್ಕೆ ಮೂಡುತ್ತದೆ, ಅದರ ಮೇಲೆ ಅಡ್ಡಗೆರೆ ಉದ್ದಗೆರೆ ಹಾಯುತ್ತವೆ. ಸ್ಕ್ರೀನಿನ ಮೇಲ್ತುದಿಯಲ್ಲಿ ಎಕ್ಸ್, ವೈ ಅಂಕಿಗಳು ಓಡುತ್ತವೆ.

ಜಿಕ್ಯಾಮ್ ತೆರೆದು ಶಟರ್ ಬಟನ್ ಮೇಲೆ ಬೆರಳಿಟ್ಟು ನಿಧಾನಕ್ಕೆ ಅತ್ತಿತ್ತ ಎಳೆಯಿರಿ. ಗೆರೆ ಎಲ್ಲೂ ಕಡಿಯದೆ ಬಂದರೆ ಗಾಜಿಗೆ ಏನೂ ಆಗಿಲ್ಲ. ಒಂದು ಜಾಗಕ್ಕೆ ಬಂದಾಗಲೆಲ್ಲ ಗೆರೆ ಮುರಿದರೆ ಅಲ್ಲಿ ಪ್ಯಾನೆಲ್ ಸತ್ತಿದೆ, ಇಲ್ಲವೇ ಸ್ಕ್ರೀನ್ ಗಾರ್ಡ್ ಕೆಳಗೆ ಗಾಳಿ ಸೇರಿದೆ. ಬೆರಳಿಡದೆಯೇ ಚುಕ್ಕೆ ಕುಣಿಯುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ ಟಚ್ ಪ್ಯಾನೆಲ್‌ಗೆ ಬೆರಳಿನ ಹಾಗೆ ಕಾಣುತ್ತದೆ. ಒದ್ದೆ ಕೈಯೂ ಇದೇ ಆಟ ಆಡಿಸುತ್ತದೆ. ದಪ್ಪ ಗಾರ್ಡ್ ಹಾಕಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಜಾಸ್ತಿ ಮಾಡುವ ಸ್ವಿಚ್ ಇದೆಯಾ ಹುಡುಕಿ. ಸ್ಯಾಮ್‌ಸಂಗ್, ಪಿಕ್ಸೆಲ್ ಎರಡರಲ್ಲೂ ಹೊಸ ಫೋನುಗಳಲ್ಲಿ ಇದೆ.

ಇಷ್ಟಕ್ಕೆ ಎರಡು ನಿಮಿಷ ಸಾಕು. ಗಾಜು ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಅದರ ಮೇಲೆ ಮತ್ತೆ ಅನುಮಾನ ಪಡುವ ಹಾಗಿಲ್ಲ.

ನಡುವೆ ಯಾರೋ ಟ್ಯಾಪ್ ನುಂಗುತ್ತಿದ್ದಾರೆ

ಚುಕ್ಕೆ ಸರಿಯಾಗಿ ಮೂಡುತ್ತದೆ, ಆ್ಯಪ್ ಮಾತ್ರ ಮಿಸುಕುವುದಿಲ್ಲ. ಹಾಗಿದ್ದರೆ ನನ್ನ ಮೊದಲ ಅನುಮಾನ ಸ್ಕ್ರೀನ್ ಮೇಲೆ ಪದರ ಹಾಸುವ ಆ್ಯಪ್‌ಗಳ ಮೇಲೆ. ಸ್ಕ್ರೀನ್ ಮಂದ ಮಾಡುವ ಆ್ಯಪ್, ನೀಲಿ ಬೆಳಕು ತಡೆಯುವ ಆ್ಯಪ್, ತೇಲುವ ಚಾಟ್ ಗುಳ್ಳೆ, ಸ್ಕ್ರೀನ್ ರೆಕಾರ್ಡರಿನ ಬಟನ್, ಇವೆಲ್ಲ ಬೇರೆ ಆ್ಯಪ್ ಮೇಲೆ ಕಾಣದ ಹಾಳೆ ಹಾಸುತ್ತವೆ. 2021ರ ಆಂಡ್ರಾಯ್ಡ್ 12ರಿಂದ ಈ ವಿಷಯದಲ್ಲಿ ನಿಯಮ ಬಿಗಿಯಾಗಿದೆ. ಮೇಲಿನ ಪದರ 80%ಗಿಂತ ಗಾಢವಾಗಿದ್ದರೆ ಅದರ ಮೂಲಕ ತೂರಿ ಬರುವ ಟಚ್ಚನ್ನು ಆಂಡ್ರಾಯ್ಡ್ ಕೆಳಗಿನ ಆ್ಯಪ್‌ಗೆ ಬಿಡುವುದಿಲ್ಲ. ಯಾರೋ ಕಳ್ಳ ಆ್ಯಪ್ ನಿಮ್ಮ ಕೈಯಿಂದ ಬೇಡದ ಬಟನ್ ಒತ್ತಿಸಬಾರದು ಅಂತ ಈ ಕಾವಲು. ಒಳ್ಳೆಯದೇ, ಆದರೆ ಬಳಸುವವರಿಗೆ ಕಾಣುವುದು ಸತ್ತ ಕ್ಯಾಮೆರಾ. ಸೆಟ್ಟಿಂಗ್ಸ್‌ನ ಸ್ಪೆಷಲ್ ಆ್ಯಪ್ ಆಕ್ಸೆಸ್ ಒಳಗೆ 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್' ಪಟ್ಟಿ ತೆಗೆದು, ಅನುಮಾನ ಬಂದದ್ದನ್ನೆಲ್ಲ ಆಫ್ ಮಾಡಿ ನೋಡಿ. ಫೋನಿನದೇ ನೈಟ್ ಲೈಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಬಣ್ಣ ಬದಲಿಸುತ್ತದೆ, ಹಾಳೆ ಹಾಸುವುದಿಲ್ಲ.

ಎರಡನೆಯ ಅನುಮಾನ ಆಕ್ಸೆಸಿಬಿಲಿಟಿ ಮೇಲೆ. ಮ್ಯಾಗ್ನಿಫಿಕೇಶನ್‌ಗೆ ಮೂರು ಸಲ ಒತ್ತುವ ಶಾರ್ಟ್‌ಕಟ್ ಆನ್ ಆಗಿದ್ದರೆ, ಪ್ರತಿ ಟ್ಯಾಪ್ ಬಂದಾಗಲೂ ಎರಡನೆಯದು, ಮೂರನೆಯದು ಬರುತ್ತದಾ ಅಂತ ಫೋನ್ ಕಾಯುತ್ತದೆ. ಬೇರೆ ಆ್ಯಪ್‌ಗಳಲ್ಲಿ ಈ ತಡ ಅಷ್ಟಾಗಿ ಗೊತ್ತಾಗುವುದಿಲ್ಲ. ಓಡುವ ಮಗುವಿನ ಫೋಟೋ ತೆಗೆಯುವಾಗ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲೇ ಪಕ್ಕದಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ' ಅಂತ ಇದೆ. ಅದು ಲಾಂಗ್ ಅಂತ ಇದ್ದರೆ ಫೋಕಸ್ ಲಾಕ್ ಮಾಡಲು ಬೆರಳನ್ನು ಬಹಳ ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ. ಜನ ಅಷ್ಟು ಹೊತ್ತು ಕಾಯದೆ ಬೆರಳೆತ್ತಿ, ಲಾಕ್ ಕೆಲಸ ಮಾಡಲ್ಲ ಅಂತಾರೆ.

ಇನ್ನು ಗೆಸ್ಚರ್ ನ್ಯಾವಿಗೇಶನ್. 2019ರ ಆಂಡ್ರಾಯ್ಡ್ 10ರಿಂದ ಸ್ಕ್ರೀನಿನ ಎರಡೂ ಅಂಚಿನಿಂದ ಒಳಕ್ಕೆ ಎಳೆದರೆ ಬ್ಯಾಕ್, ಕೆಳಗಿನಿಂದ ಮೇಲಕ್ಕೆ ಎಳೆದರೆ ಹೋಮ್. ಜಿಕ್ಯಾಮ್‌ನಲ್ಲಿ ಮೋಡ್ ಬದಲಿಸುವುದೂ ಎಳೆದೇ. ಅಂಚಿನ ಹತ್ತಿರ ಎಳೆದರೆ ಆ ಎಳೆತ ಆಂಡ್ರಾಯ್ಡ್ ಪಾಲಾಗುತ್ತದೆ, ಕ್ಯಾಮೆರಾ ಮುಚ್ಚಿಹೋಗುತ್ತದೆ. ಇದು ಕ್ರ್ಯಾಶ್ ಅಲ್ಲ. ಬ್ರೈಟ್‌ನೆಸ್ ಪಟ್ಟಿ ಅಂಚಿನಲ್ಲಿ ಮೂಡುವ ವರ್ಷನ್‌ಗಳಲ್ಲಿ ಬೆರಳು ಸ್ವಲ್ಪ ಓರೆಯಾದರೂ ಇದೇ ಗತಿ. ಈ ಅಂಚಿನ ಜಾಗವನ್ನು ನನಗೆ ಬಿಡು ಅಂತ ಆಂಡ್ರಾಯ್ಡ್ ಹತ್ತಿರ ಕೇಳುವ ಅವಕಾಶ ಆ್ಯಪ್‌ಗಳಿಗೆ ಇದೆ, ಆದರೆ ಒಂದೊಂದು ಅಂಚಿನಲ್ಲಿ 200 ಡಿಪಿ (ಆಂಡ್ರಾಯ್ಡ್ ಸ್ಕ್ರೀನ್ ಅಳೆಯುವ ಮಾನ) ಉದ್ದಕ್ಕೆ ಮಾತ್ರ. ಪರೀಕ್ಷೆ ಸುಲಭ. ಹಳೆಯ ಮೂರು ಬಟನ್ ನ್ಯಾವಿಗೇಶನ್‌ಗೆ ಬದಲಿಸಿ ನೋಡಿ. ತೊಂದರೆ ಮಾಯವಾದರೆ ಕಳ್ಳ ಸಿಕ್ಕ. ಮತ್ತೆ ಗೆಸ್ಚರ್‌ಗೆ ಮರಳಿ, ಬ್ಯಾಕ್ ಸೆನ್ಸಿಟಿವಿಟಿ ಕಡಿಮೆ ಮಾಡಿಕೊಳ್ಳಿ. ಒಂದೇ ಕೈಯಲ್ಲಿ ಬಳಸುವ ಮೋಡ್ ಆನ್ ಇದ್ದರೆ ಅದನ್ನೂ ತೆಗೆದು ನೋಡಿ, ಸ್ಕ್ರೀನಿನ ಬುಡದಲ್ಲಿ ಕೆಳಕ್ಕೆ ಎಳೆದ ಬೆರಳನ್ನು ಅದು ಕಿತ್ತುಕೊಳ್ಳುತ್ತದೆ.

ಬಟನ್ ಕಾಣುವ ಜಾಗ, ಬಟನ್ ಇರುವ ಜಾಗ

ಕೆಲವು ಸಲ ಬಟನ್ನಿನ ಮೇಲರ್ಧ ಒತ್ತಿದರೆ ಕೆಲಸ ಮಾಡುತ್ತದೆ, ಕೆಳಗರ್ಧ ಒತ್ತಿದರೆ ಇಲ್ಲ. ಡೆವಲಪರ್ ಆಪ್ಷನ್ಸ್‌ನಲ್ಲಿ 'ಶೋ ಲೇಔಟ್ ಬೌಂಡ್ಸ್' ಆನ್ ಮಾಡಿ, ಜಿಕ್ಯಾಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಪ್ರತಿ ಬಟನ್ ಸುತ್ತ ಒಂದು ಚೌಕಟ್ಟು ಕಾಣುತ್ತದೆ. ಶಟರಿನ ಚೌಕಟ್ಟಿನ ಮೇಲೆ ಮತ್ತೊಂದು ಚೌಕಟ್ಟು ಹತ್ತಿ ಕೂತಿದೆಯಾ, ಕೆಳಗಿನ ನ್ಯಾವಿಗೇಶನ್ ಪಟ್ಟಿಯೊಳಗೆ ಇಳಿದಿದೆಯಾ ನೋಡಿ. ನೋಡಿದರೆ ಅರ್ಥವಾಗುತ್ತದೆ, ವಿವರಿಸುವ ಅಗತ್ಯವೇ ಇಲ್ಲ.

ಹೀಗಾಗುವುದಕ್ಕೆ ಸಾಮಾನ್ಯ ಕಾರಣ ಡಿಸ್‌ಪ್ಲೇ ಸೈಜ್. ಅಕ್ಷರ ದೊಡ್ಡದಾಗಿ ಕಾಣಲಿ ಅಂತ ಫಾಂಟ್ ಸೈಜ್, ಡಿಸ್‌ಪ್ಲೇ ಸೈಜ್ ಎರಡನ್ನೂ ಏರಿಸಿದ ಫೋನುಗಳಲ್ಲಿ ಮಾಡ್ ಕ್ಯಾಮೆರಾದ ಕೆಳಭಾಗ ಒಂದರ ಮೇಲೊಂದು ಬಿದ್ದಿರುತ್ತದೆ. ಅಪ್ಪ ಅಮ್ಮನ ಫೋನ್ ಸರಿ ಮಾಡಿಕೊಡುವವರು ಇದನ್ನು ಮೊದಲೇ ನೋಡುವುದು ಒಳ್ಳೆಯದು. ಡೆವಲಪರ್ ಆಪ್ಷನ್ಸ್‌ನ 'ಸ್ಮಾಲೆಸ್ಟ್ ವಿಡ್ತ್' ಅಂಕಿ ತಿದ್ದಿದ್ದರೂ ಅಷ್ಟೇ. ಎಲ್ಲವನ್ನೂ ಡೀಫಾಲ್ಟ್‌ಗೆ ತಂದು ನೋಡಿ. ಕ್ಯಾಮೆರಾ ತೂತು ಮರೆಮಾಡುವ ಸೆಟ್ಟಿಂಗ್, ಆ್ಯಪ್‌ಗಳನ್ನು ಬಲವಂತವಾಗಿ ಪೂರ್ತಿ ಸ್ಕ್ರೀನ್‌ಗೆ ಹಿಗ್ಗಿಸುವ ಸೆಟ್ಟಿಂಗ್ ಇವೂ ಲೇಔಟನ್ನು ಜಾರಿಸುತ್ತವೆ.

ಶಟರ್ ಸತ್ತಿದ್ದರೆ ವಾಲ್ಯೂಮ್ ಬಟನ್ ಒತ್ತಿ

ಇದು ನನಗೆ ಬಹಳ ಇಷ್ಟದ ಪರೀಕ್ಷೆ, ಯಾಕೆಂದರೆ ಒಂದೇ ಏಟಿಗೆ ಅರ್ಧ ಅನುಮಾನ ತೀರುತ್ತದೆ. ಜಿಕ್ಯಾಮ್ ಸೆಟ್ಟಿಂಗ್ಸ್‌ನ ಗೆಸ್ಚರ್ಸ್ ಭಾಗದಲ್ಲಿ ವಾಲ್ಯೂಮ್ ಬಟನ್ನಿಗೆ ಯಾವ ಕೆಲಸ ಅಂತ ಆರಿಸುವ ಜಾಗ ಇದೆ. ಅಲ್ಲಿ ಶಟರ್ ಆರಿಸಿ. ಈಗ ಸ್ಕ್ರೀನ್ ಮುಟ್ಟದೆ ವಾಲ್ಯೂಮ್ ಒತ್ತಿ ಫೋಟೋ ತೆಗೆಯಿರಿ.

ವಾಲ್ಯೂಮ್ ಒತ್ತಿದರೆ ಫೋಟೋ ಬರುತ್ತದೆ, ಸ್ಕ್ರೀನ್ ಮೇಲಿನ ಬಟನ್ ಒತ್ತಿದರೆ ಬರುವುದಿಲ್ಲ ಅಂದರೆ ತೊಂದರೆ ನಿಜವಾಗಿಯೂ ಟಚ್ಚಿನದು. ಮೇಲಿನ ಭಾಗಗಳನ್ನು ಮತ್ತೊಮ್ಮೆ ಓದಿ. ಎರಡರಲ್ಲೂ ಬರದಿದ್ದರೆ ನಿಮ್ಮ ಬೆರಳಿಗೂ ಈ ತೊಂದರೆಗೂ ಸಂಬಂಧವೇ ಇಲ್ಲ. ಟ್ಯಾಪ್ ತಲುಪಿದೆ, ಫೋಟೋ ತಯಾರಾಗುವ ಕಡೆ ಸಿಕ್ಕಿಕೊಂಡಿದೆ.

ಅದು ಹೇಗೆ ಅಂದರೆ, ಎಚ್‌ಡಿಆರ್ ಪ್ಲಸ್ ಅನ್ನುವ ಜಿಕ್ಯಾಮ್ ವಿಧಾನ ಒಂದೇ ಫೋಟೋ ತೆಗೆಯುವುದಿಲ್ಲ. ಬೇಗ ಬೇಗ ಹಲವು ಫ್ರೇಮ್ ತೆಗೆದು, ಜೋಡಿಸಿ, ಚಿತ್ರದ ಗದ್ದಲ (ನಾಯ್ಸ್) ಕಳೆದು ಒಂದು ಫೋಟೋ ಮಾಡುತ್ತದೆ. ಈ ಫ್ರೇಮುಗಳು ಸೆನ್ಸರಿನಿಂದ ಯಾವ ರೂಪದಲ್ಲಿ ಬರಬೇಕು ಅಂತ ಮಾಡ್‌ಗಳಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ರಾ10 ಅಥವಾ ರಾ ಸೆನ್ಸರ್ ಅಂತ. ನಿಮ್ಮ ಫೋನ್ ಕೊಡದ ರೂಪವನ್ನು ಕೇಳಿದರೆ ಶಟರ್ ಒತ್ತಿದ ಮೇಲೆ ಎಲ್ಲ ಸ್ತಬ್ಧ, ಇಲ್ಲವೇ ಆ್ಯಪ್ ಬೀಳುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಆರಿಸಿ, ಆ್ಯಪ್ ಮುಚ್ಚಿ ತೆರೆದು ನೋಡಿ. ಇನ್ನು ಫ್ರೇಮುಗಳ ಸಂಖ್ಯೆ. ಚೆಂದದ ಹೆಸರಿನ ಕಾನ್ಫಿಗ್‌ಗಳಲ್ಲಿ ಇದನ್ನು ಸಿಕ್ಕಾಪಟ್ಟೆ ಏರಿಸಿರುತ್ತಾರೆ. ಹಳೆಯ ಪ್ರೊಸೆಸರ್ ಅಷ್ಟನ್ನು ಜೋಡಿಸುವಷ್ಟರಲ್ಲಿ ಶಟರ್ ಬಟನ್ ಮಸುಕಾಗಿ ಕೂತಿರುತ್ತದೆ, ನೀವು ಒತ್ತುತ್ತಲೇ ಇರುತ್ತೀರಿ. ಸಂಖ್ಯೆ ಅರ್ಧಕ್ಕೆ ಇಳಿಸಿ. ಹಗಲಿನ ಫೋಟೋದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ.

ಫೋಟೋ ಬದಲು ವಿಡಿಯೋ ಶುರುವಾಗುತ್ತದೆ ಅನ್ನುವವರು ಬೆರಳನ್ನು ಬಟನ್ ಮೇಲೆ ಜಾಸ್ತಿ ಹೊತ್ತು ಇಡುತ್ತಿದ್ದಾರೆ. ಈಚಿನ ಜಿಕ್ಯಾಮ್‌ಗಳಲ್ಲಿ ಶಟರ್ ಒತ್ತಿ ಹಿಡಿದರೆ ಚಿಕ್ಕ ವಿಡಿಯೋ. ಮುಟ್ಟಿ ಬಿಡಿ, ಒತ್ತಿ ಹಿಡಿಯಬೇಡಿ.

ಫೋಕಸ್: ಉಂಗುರ ಎಲ್ಲಿ ಬಂತು?

ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇವೆ. ಆದ್ದರಿಂದ ಇಲ್ಲಿ ಸ್ವಲ್ಪ ಕೂತು ಮಾತಾಡೋಣ.

ವ್ಯೂಫೈಂಡರ್ (ಕ್ಯಾಮೆರಾದ ಚಿತ್ರ ಕಾಣುವ ಜಾಗ) ಮೇಲೆ ಒತ್ತಿದಾಗ ಒಂದು ಉಂಗುರ ಮೂಡುತ್ತದಲ್ಲ, ಅದನ್ನು ಸರಿಯಾಗಿ ಗಮನಿಸಿ. ಉಂಗುರವೇ ಬರದಿದ್ದರೆ ಟ್ಯಾಪ್ ಆ್ಯಪ್‌ಗೆ ತಲುಪಿಲ್ಲ. ಉಂಗುರ ಬೆರಳಿನ ಕೆಳಗೇ ಬರದೆ, ಎಲ್ಲಿ ಒತ್ತಿದರೂ ಒಂದೇ ಅಳತೆಯಷ್ಟು ಕೆಳಗೋ ಮೇಲೋ ಬಂದರೆ ಲೇಔಟ್ ಜಾರಿದೆ, ಡಿಸ್‌ಪ್ಲೇ ಸೈಜ್ ಕಡೆ ಹೋಗಿ. ಉಂಗುರ ಬೆರಳಿನ ಕೆಳಗೇ ಬಂದಿದೆ, ಆದರೆ ಬೇರೆಲ್ಲೋ ಫೋಕಸ್ ಆಗಿದೆ ಅಂದರೆ ಆ್ಯಪ್‌ಗೂ ಕ್ಯಾಮೆರಾಗೂ ನಡುವೆ ಲೆಕ್ಕ ತಪ್ಪಿದೆ.

ಆ ಲೆಕ್ಕ ಏನು? 2014ರ ಆಂಡ್ರಾಯ್ಡ್ 5.0 ಜೊತೆ ಬಂದ ಕ್ಯಾಮೆರಾ2 ಅನ್ನುವ ಎಪಿಐ (ಆ್ಯಪ್ ಕ್ಯಾಮೆರಾ ಜೊತೆ ಮಾತಾಡುವ ದಾರಿ) ಮೇಲೆ ಜಿಕ್ಯಾಮ್ ನಿಂತಿದೆ. ಅದರಲ್ಲಿ ಫೋಕಸ್ ಜಾಗವನ್ನು ಸ್ಕ್ರೀನಿನ ಅಳತೆಯಲ್ಲಿ ಹೇಳುವ ಹಾಗಿಲ್ಲ, ಸೆನ್ಸರಿನ ಅಳತೆಯಲ್ಲೇ ಹೇಳಬೇಕು. ಸ್ಕ್ರೀನ್ ನಿಂತಿರುತ್ತದೆ, ಸೆನ್ಸರ್ ಮಲಗಿರುತ್ತದೆ. ಸಾಮಾನ್ಯವಾಗಿ ಹಿಂದಿನ ಸೆನ್ಸರ್ 90 ಡಿಗ್ರಿ, ಮುಂದಿನದು 270 ಡಿಗ್ರಿ ತಿರುಗಿ ಕೂತಿರುತ್ತದೆ. ಎಲ್ಲ ಫೋನಿನಲ್ಲೂ ಹಾಗೇ ಇರಬೇಕು ಅಂತಿಲ್ಲ. 2015ರ ನೆಕ್ಸಸ್ 5ಎಕ್ಸ್‌ನಲ್ಲಿ ಹಿಂದಿನ ಸೆನ್ಸರ್ ತಲೆಕೆಳಗಾಗಿತ್ತು, ಇದನ್ನು ಗಮನಿಸದ ಆ್ಯಪ್‌ಗಳಲ್ಲಿ ಚಿತ್ರವೂ ತಲೆಕೆಳಗಾಗಿ ಬರುತ್ತಿತ್ತು. ತಿರುಗಿಸುವ ಲೆಕ್ಕ, ಹಿಗ್ಗಿಸುವ ಲೆಕ್ಕ, ಮುಂದಿನ ಕ್ಯಾಮೆರಾಗೆ ಕನ್ನಡಿ ಲೆಕ್ಕ, ಇವುಗಳಲ್ಲಿ ಒಂದು ತಪ್ಪಿದರೂ ನೀವು ಮುಟ್ಟಿದ್ದು ಮುಖ, ಕ್ಯಾಮೆರಾ ನೋಡಿದ್ದು ಬಾಗಿಲು.

ಯಾವ ಲೆಕ್ಕ ತಪ್ಪಿದೆ ಅಂತ ಕಂಡುಹಿಡಿಯಲು ನಾನು ಫೋಕಸ್ ನೋಡುವುದಿಲ್ಲ, ಬೆಳಕು ನೋಡುತ್ತೇನೆ. ಫೋಕಸ್ ಆಯಿತಾ ಇಲ್ಲವಾ ಅಂತ ಚಿಕ್ಕ ಸ್ಕ್ರೀನಿನಲ್ಲಿ ಹೇಳುವುದು ಕಷ್ಟ. ಬೆಳಕು ಏರಿದ್ದು ಇಳಿದದ್ದು ಯಾರಿಗಾದರೂ ಕಾಣುತ್ತದೆ. ಒಂದು ಟ್ಯಾಪ್ ಫೋಕಸ್ ಮತ್ತು ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಎರಡಕ್ಕೂ ಜಾಗ ಹೇಳುವುದರಿಂದ ಒಂದನ್ನು ನೋಡಿ ಇನ್ನೊಂದನ್ನು ತಿಳಿಯಬಹುದು.

ಸಂಜೆ ಕೋಣೆಯ ದೊಡ್ಡ ದೀಪ ಆರಿಸಿ. ಟೇಬಲ್ ಲ್ಯಾಂಪ್ ಒಂದನ್ನು ಎಡಕ್ಕೆ ಇಡಿ, ಬಲಕ್ಕೆ ಕಪ್ಪು ಬಟ್ಟೆಯೋ ಗಾಢ ಬಣ್ಣದ ಬ್ಯಾಗೋ ಇರಲಿ. ಫೋನನ್ನು ನೇರವಾಗಿ ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ, ಕೈಯಲ್ಲಿ ಹಿಡಿಯಬೇಡಿ. ಜಿಕ್ಯಾಮ್‌ನಲ್ಲಿ ವಿಡಿಯೋ ಮೋಡ್‌ಗೆ ಹೋಗಿ. ರೆಕಾರ್ಡ್ ಮಾಡಬೇಕಿಲ್ಲ. ಫೋಟೋ ಮೋಡ್‌ನಲ್ಲಿ ಎಚ್‌ಡಿಆರ್ ವ್ಯೂಫೈಂಡರನ್ನೇ ನುಣುಪು ಮಾಡಿ ವ್ಯತ್ಯಾಸ ಮುಚ್ಚಿಹಾಕಬಹುದು, ಅದಕ್ಕೇ ವಿಡಿಯೋ. ಈಗ ಲ್ಯಾಂಪ್ ಮೇಲೆ ಒತ್ತಿ. ಇಡೀ ಚಿತ್ರ ಕತ್ತಲಾಗಿ, ಬಿಳಿ ಮುದ್ದೆಯಂತಿದ್ದ ಲ್ಯಾಂಪಿನ ಆಕಾರ ಬಿಡಿಸಿ ಕಾಣಬೇಕು. ಬಟ್ಟೆಯ ಮೇಲೆ ಒತ್ತಿ. ಕೋಣೆ ಬೆಳಗಿ, ಬಟ್ಟೆಯ ಮಡಿಕೆಗಳು ಕಾಣಿಸಿಕೊಂಡು, ಲ್ಯಾಂಪ್ ಪೂರ್ತಿ ಬೆಳ್ಳಗಾಗಬೇಕು. ಆಮೇಲೆ ಲ್ಯಾಂಪನ್ನು ಚೌಕಟ್ಟಿನ ಮೇಲ್ಭಾಗಕ್ಕೆ ಬರುವಂತೆ ಎತ್ತರದಲ್ಲಿಟ್ಟು ಅದೇ ಪರೀಕ್ಷೆ ಮಾಡಿ.

ಫಲ ಹೀಗೆ ಓದಿ. ಲ್ಯಾಂಪ್ ಒತ್ತಿದರೆ ಕೋಣೆ ಬೆಳಗಿ, ಬಟ್ಟೆ ಒತ್ತಿದರೆ ಕತ್ತಲಾದರೆ ಲೆಕ್ಕ ತಿರುಗಿದೆ. ಎಡಬಲ ಮಾತ್ರ ಅದಲುಬದಲಾಗಿ ಮೇಲೆಕೆಳಗೆ ಸರಿ ಇದ್ದರೆ ಕನ್ನಡಿ ಲೆಕ್ಕ, ಮುಂದಿನ ಕ್ಯಾಮೆರಾದಲ್ಲಿ ಇದು ಮಾಮೂಲಿ. ಎರಡೂ ಅದಲುಬದಲಾದರೆ 180 ಡಿಗ್ರಿ ತಪ್ಪು. ಎಡಕ್ಕೆ ಒತ್ತಿದ್ದು ಮೇಲಕ್ಕೋ ಕೆಳಕ್ಕೋ ಹೋದರೆ 90 ಡಿಗ್ರಿ ತಪ್ಪು. ನಡುವೆ ಸರಿಯಾಗಿದ್ದು ಅಂಚಿಗೆ ಹೋದಂತೆ ಜಾರಿದರೆ ತಿರುಗಿಸಿದ್ದು ಸರಿ ಇದೆ, ಹಿಗ್ಗಿಸಿದ್ದು ತಪ್ಪಿದೆ.

ಹಿಗ್ಗಿಸುವ ತಪ್ಪಿಗೆ ಇನ್ನೊಂದು ಹೆಜ್ಜೆ ಹೋಗಬಹುದು. 1ಎಕ್ಸ್‌ನಲ್ಲಿ ಸರಿ ಇದ್ದು, ಬೆರಳಿನಿಂದ ಝೂಮ್ ಮಾಡಿದಾಗ ಮಾತ್ರ ತಪ್ಪಿದರೆ ಕಾರಣ ಝೂಮ್. ಮೊದಲೆಲ್ಲ ಸೆನ್ಸರಿನ ಒಂದು ತುಂಡನ್ನು ಕತ್ತರಿಸಿ ಝೂಮ್ ಮಾಡುತ್ತಿದ್ದರು, ಫೋಕಸ್ ಜಾಗವನ್ನು ಇಡೀ ಸೆನ್ಸರಿನ ಲೆಕ್ಕದಲ್ಲೇ ಹೇಳಬೇಕಿತ್ತು. 2020ರ ಆಂಡ್ರಾಯ್ಡ್ 11 ಝೂಮ್ ರೇಶಿಯೋ ಅನ್ನುವ ಹೊಸ ದಾರಿ ತಂದಿತು. ಅದನ್ನು ಬಳಸಿದರೆ ಝೂಮ್ ಆದ ಮೇಲೆ ಕಾಣುವ ಚಿತ್ರದ ಲೆಕ್ಕದಲ್ಲಿ ಜಾಗ ಹೇಳಬೇಕು. ಆ್ಯಪ್ ಒಂದು ಲೆಕ್ಕದಲ್ಲಿ ಹೇಳಿ ಡ್ರೈವರ್ ಇನ್ನೊಂದರಲ್ಲಿ ಕೇಳಿಸಿಕೊಂಡರೆ ಅಂಚಿನ ಟ್ಯಾಪ್‌ಗಳೆಲ್ಲ ದಾರಿ ತಪ್ಪುತ್ತವೆ. 4:3ರಲ್ಲಿ ಸರಿ, 16:9ರಲ್ಲಿ ತಪ್ಪು ಅಂದರೂ ಇದೇ ಜಾತಿಯ ತೊಂದರೆ.

ಈಗ ಮದ್ದು. ಮೊದಲು ಇದೇ ಲ್ಯಾಂಪ್ ಪರೀಕ್ಷೆಯನ್ನು ಓಪನ್ ಕ್ಯಾಮೆರಾ ಆ್ಯಪ್‌ನಲ್ಲಿ ಮಾಡಿ. ಉಚಿತವಾಗಿ ಸಿಗುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಎಪಿಐ ಅಂತ ಇರುವಲ್ಲಿ ಕ್ಯಾಮೆರಾ2 ಆರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅಲ್ಲೂ ತಪ್ಪಿದರೆ ತಪ್ಪು ಫೋನ್ ಡ್ರೈವರಿನದು, ಯಾವ ಮಾಡ್ ಹಾಕಿದರೂ ಅಷ್ಟೇ ಅಂತ ಗಟ್ಟಿಯಾಗಿ ಅನುಮಾನಿಸಬಹುದು. ಅಲ್ಲಿ ಸರಿಯಾಗಿದ್ದರೆ ನಿಮ್ಮ ಮಾಡ್‌ನಲ್ಲಿ ಯಾವ ಪಿಕ್ಸೆಲ್‌ನಂತೆ ನಟಿಸಬೇಕು ಅಂತ ಆರಿಸುವ ಸೆಟ್ಟಿಂಗ್ ಹುಡುಕಿ. ಪಿಕ್ಸೆಲ್ 2, ಪಿಕ್ಸೆಲ್ 3, ಪಿಕ್ಸೆಲ್ 5 ಹೀಗೆ ಪಟ್ಟಿ ಇರುತ್ತದೆ. ಬೇರೊಂದನ್ನು ಆರಿಸಿ ಮತ್ತೆ ಲ್ಯಾಂಪ್ ಮುಂದೆ ನಿಲ್ಲಿ. ಟ್ರ್ಯಾಕಿಂಗ್ ಫೋಕಸ್ ತರದ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಿಯೂ ನೋಡಿ. ಅದು ಮುಟ್ಟಿದ ವಸ್ತುವಿನ ಹಿಂದೆ ಓಡುತ್ತದೆ, ಅದು ಓಡಿದ ಕಡೆಗೆ ಫೋಕಸ್ ಹೋಗುವುದನ್ನು ಜನ ಟಚ್ ತಪ್ಪು ಅಂದುಕೊಳ್ಳುತ್ತಾರೆ.

ಯಾವುದೂ ಆಗದಿದ್ದರೆ ಒಂದು ಉಪಾಯ ಇದೆ. ಲೆಕ್ಕ ತಿರುಗಲಿ, ಕನ್ನಡಿಯಾಗಲಿ, ಹಿಗ್ಗಲಿ, ಚಿತ್ರದ ನಡುಬಿಂದು ನಡುವಲ್ಲೇ ಇರುತ್ತದೆ. ಆದ್ದರಿಂದ ಬೇಕಾದ ವಸ್ತುವನ್ನು ನಡುವಿಗೆ ತನ್ನಿ, ಅದರ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಫೋನ್ ಸರಿಸಿ ಚೌಕಟ್ಟು ಹೊಂದಿಸಿ. ವಸ್ತುವಿಗೂ ನಿಮಗೂ ನಡುವಿನ ದೂರ ಬದಲಾಗಬಾರದು ಅಷ್ಟೇ. ನಾನಂತೂ ಟಚ್ ಸರಿ ಇರುವ ಫೋನಿನಲ್ಲೂ ಹೀಗೇ ತೆಗೆಯುತ್ತೇನೆ.

ಉಂಗುರ ಸರಿಯಾಗಿ ಬರುತ್ತದೆ, ಬೆಳಕೂ ಬದಲಾಗುತ್ತದೆ, ಫೋಕಸ್ ಮಾತ್ರ ಕದಲುವುದಿಲ್ಲ. ಇದು ಬೇರೆ ಕಥೆ. ಮುಂದಿನ ಕ್ಯಾಮೆರಾ, ಅಲ್ಟ್ರಾವೈಡ್ ಕ್ಯಾಮೆರಾ ಎಷ್ಟೋ ಫೋನುಗಳಲ್ಲಿ ಫಿಕ್ಸೆಡ್ ಫೋಕಸ್. ಅಲ್ಲಿ ಲೆನ್ಸ್ ಅಲ್ಲಾಡುವುದೇ ಇಲ್ಲ, ಎಷ್ಟು ಒತ್ತಿದರೂ ಸುಮ್ನೆ. ಕ್ಯಾಮೆರಾ2 ಎಪಿಐ ಪ್ರೋಬ್ ಎಂಬಂಥ ಆ್ಯಪ್‌ನಲ್ಲಿ ನಿಮ್ಮ ಪ್ರತಿ ಲೆನ್ಸಿನ ಗುಣ ನೋಡಬಹುದು. ಮಿನಿಮಮ್ ಫೋಕಸ್ ಡಿಸ್ಟೆನ್ಸ್ 0 ಅಂತ ಇದ್ದರೆ ಫಿಕ್ಸೆಡ್ ಫೋಕಸ್. 10 ಅಂತ ಇದ್ದರೆ ಸುಮಾರು 10 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಆಗುತ್ತದೆ, 20 ಅಂತ ಇದ್ದರೆ ಸುಮಾರು 5 ಸೆಂಟಿಮೀಟರ್. ಅಂಕಿ ದೊಡ್ಡದಾದಷ್ಟೂ ಹತ್ತಿರ. ಅದಕ್ಕಿಂತ ಹತ್ತಿರ ಹೋಗಿ ಹೂವಿನ ಎಸಳು ಒತ್ತುತ್ತಿದ್ದರೆ ಸ್ವಲ್ಪ ಹಿಂದೆ ಸರಿಯಿರಿ. ಎಎಫ್ (ಆಟೋಫೋಕಸ್) ರೀಜನ್ ಸಂಖ್ಯೆ 0 ಅಂತ ಇದ್ದರೆ ಈ ಜಾಗಕ್ಕೆ ಫೋಕಸ್ ಮಾಡು ಅಂತ ಹೇಳುವ ದಾರಿಯನ್ನೇ ಆ ಲೆನ್ಸ್ ಕೊಟ್ಟಿಲ್ಲ.

ಮುಖ್ಯ ಕ್ಯಾಮೆರಾದಲ್ಲೇ ಹೀಗಾದರೆ ನೈಟ್ ಸೈಟ್ (ರಾತ್ರಿ ಮೋಡ್) ಒಳಗೆ ಫೋಕಸ್ 'ಫಾರ್' ಅಂತ ಉಳಿದುಬಿಟ್ಟಿದೆಯಾ ನೋಡಿ. ನಕ್ಷತ್ರ ತೆಗೆಯಲು ಹಾಕಿ ಮರೆತಿರುತ್ತೀರಿ. ಮ್ಯಾನುವಲ್ ಫೋಕಸ್ ಪಟ್ಟಿ ಇರುವ ಮಾಡ್ ಆದರೆ ಅದನ್ನೂ ಆಟೋಗೆ ತಿರುಗಿಸಿ.

0.6ಎಕ್ಸ್ ಒತ್ತಿದರೆ ಆ್ಯಪ್ ಬೀಳುತ್ತದೆ

ಇಲ್ಲಿ ಟಚ್ ತಪ್ಪು ಒಂದು ಚೂರೂ ಇಲ್ಲ. ಬಟನ್ ಕೇಳಿಸಿಕೊಂಡಿತು, ಕೇಳಿದ ಕ್ಯಾಮೆರಾ ಸಿಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರತಿ ಲೆನ್ಸಿಗೂ 0, 1, 2 ಹೀಗೆ ಐಡಿ ಇರುತ್ತದೆ. ಕಾನ್ಫಿಗ್ ಬರೆದವರ ಫೋನಿನಲ್ಲಿ ಅಲ್ಟ್ರಾವೈಡ್ 2 ಆಗಿದ್ದು ನಿಮ್ಮದರಲ್ಲಿ 3 ಆಗಿರಬಹುದು. ಮಾಡ್ ಸೆಟ್ಟಿಂಗ್ಸ್‌ನಲ್ಲಿ ಲೆನ್ಸ್ ಐಡಿ ಬದಲಿಸುವ ಜಾಗ ಇರುತ್ತದೆ. ಯಾವ ಐಡಿ ಯಾವ ಲೆನ್ಸ್ ಅಂತ ಪ್ರೋಬ್ ಆ್ಯಪ್ ನೋಡಿ ಹಾಕಿ.

ಇನ್ನೊಂದು ಕಾರಣ ಸ್ವಲ್ಪ ತಮಾಷೆಯದು. ಕೆಲವು ಕಂಪನಿಗಳು ಹೆಚ್ಚುವರಿ ಲೆನ್ಸುಗಳನ್ನು ಹೊರಗಿನ ಆ್ಯಪ್‌ಗಳಿಗೆ ಕೊಡುವುದಿಲ್ಲ. ಆ್ಯಪ್‌ನ ಪ್ಯಾಕೇಜ್ ಹೆಸರು ನೋಡಿ, ಪಟ್ಟಿಯಲ್ಲಿದ್ದರೆ ಮಾತ್ರ ಒಳಗೆ ಬಿಡುತ್ತವೆ. ಅದಕ್ಕೇ ಮಾಡ್ ಮಾಡುವವರು ಒಂದೇ ವರ್ಷನ್ನನ್ನು ಹಲವು ಹೆಸರಲ್ಲಿ ಹಂಚುವುದು. ಸ್ನ್ಯಾಪ್‌ಕ್ಯಾಮ್ ಹೆಸರಿನದು ಒಂದು, ಸ್ಯಾಮ್‌ಸಂಗ್ ಫೋನುಗಳಿಗೆ ಸ್ಕ್ಯಾನ್3ಡಿ ಹೆಸರಿನದು ಇನ್ನೊಂದು. ಒಳಗೆಲ್ಲ ಒಂದೇ, ಬಾಗಿಲಲ್ಲಿ ಹೇಳುವ ಹೆಸರು ಮಾತ್ರ ಬೇರೆ. ಲೆನ್ಸ್ ಸಿಗುತ್ತಿಲ್ಲ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಒದ್ದಾಡುವ ಮೊದಲು ಅದೇ ವರ್ಷನ್ನನ್ನು ಬೇರೆ ಹೆಸರಿನಲ್ಲಿ ಹಾಕಿ ನೋಡಿ.

ಉಳಿದ ಸಣ್ಣಪುಟ್ಟವು

ಫೋಟೋ ತೆಗೆದ ಮೇಲೆ ಮೂಲೆಯ ಥಂಬ್‌ನೇಲ್ ಒತ್ತಿದರೆ ಏನೂ ಆಗುವುದಿಲ್ಲವಾ? ಜಿಕ್ಯಾಮ್ ಗೂಗಲ್ ಫೋಟೋಸ್ ಆ್ಯಪನ್ನು ಹುಡುಕುತ್ತಿದೆ. ಅದನ್ನು ತೆಗೆದುಹಾಕಿದ್ದರೆ ಅಥವಾ ಡಿಸೇಬಲ್ ಮಾಡಿದ್ದರೆ ಟ್ಯಾಪ್‌ಗೆ ಹೋಗಲು ಜಾಗವಿಲ್ಲ. ಥಂಬ್‌ನೇಲ್ ಸುತ್ತ ಉಂಗುರ ತಿರುಗುತ್ತಿದ್ದರೆ ಫೋಟೋ ಇನ್ನೂ ತಯಾರಾಗುತ್ತಿದೆ, ಆಗ ಆ್ಯಪನ್ನು ರೀಸೆಂಟ್ಸ್‌ನಿಂದ ಉಜ್ಜಿ ತೆಗೆಯಬೇಡಿ, ಫೋಟೋ ಹೋಗುತ್ತದೆ.

ಡಬಲ್ ಟ್ಯಾಪ್ ಗೊಂದಲ ಬಹಳ. ವ್ಯೂಫೈಂಡರ್ ಮೇಲೆ ಎರಡು ಸಲ ಒತ್ತಿದರೆ ಝೂಮ್ ಆಗಬೇಕೋ, ಮುಂದಿನ ಕ್ಯಾಮೆರಾಗೆ ಹೋಗಬೇಕೋ ಅಂತ ಗೆಸ್ಚರ್ಸ್‌ನಲ್ಲಿ ಆರಿಸಬಹುದು. ಪೂರ್ತಿ ಆಫ್ ಕೂಡ ಮಾಡಬಹುದು. ನಾನು ಆಫ್ ಮಾಡಿಯೇ ಇಡುತ್ತೇನೆ. ಫೋಕಸ್‌ಗೆ ಅಂತ ಆತುರದಲ್ಲಿ ಎರಡು ಸಲ ಒತ್ತಿ, ತಮ್ಮದೇ ಮುಖ ನೋಡಿ ಬೆಚ್ಚಿಬಿದ್ದವರು ಎಷ್ಟೋ ಜನ. ಕಾನ್ಫಿಗ್ ಹಾಕುವ ಡಬಲ್ ಟ್ಯಾಪ್ ಬೇರೆ. ಅದನ್ನು ಶಟರ್ ಪಕ್ಕದ ಕಪ್ಪು ಖಾಲಿ ಜಾಗದಲ್ಲಿ ಒತ್ತಬೇಕು, ಚಿತ್ರದ ಮೇಲಲ್ಲ. ಪಟ್ಟಿ ಬಂದು ಅದರಲ್ಲಿ ಫೈಲ್ ಕಾಣದಿದ್ದರೆ ಟಚ್ಚನ್ನು ಬಯ್ಯಬೇಡಿ. ಫೈಲ್ ಆ ಮಾಡ್ ಹೇಳಿದ ಫೋಲ್ಡರಿನಲ್ಲೇ ಇರಬೇಕು. ಆಂಡ್ರಾಯ್ಡ್ 11ರಿಂದ ಈಚೆಗೆ ಎಲ್ಲ ಫೈಲ್‌ಗಳನ್ನೂ ನೋಡುವ ಅನುಮತಿ ಬೇಕಾಗಬಹುದು.

ಎಲ್ಲ ನೋಡಿ ಆದ ಮೇಲೆ ಈಗ ಕಾನ್ಫಿಗ್ ಕಡೆ ಬನ್ನಿ. ಆ್ಯಪ್ ಡೇಟಾ ಕ್ಲಿಯರ್ ಮಾಡಿ, ಯಾವ ಕಾನ್ಫಿಗ್ಗೂ ಹಾಕದೆ ಅರ್ಧ ದಿನ ಬಳಸಿ. ಟಚ್ ಸರಿಯಾಗಿದ್ದರೆ ಹಳೆಯ ಕಾನ್ಫಿಗ್ಗೇ ತಪ್ಪಿತಸ್ಥ. ಜಿಕ್ಯಾಮ್ ವರ್ಷನ್ 8.1ಕ್ಕೆ ಬರೆದ ಫೈಲನ್ನು 8.4ಕ್ಕೆ ಹಾಕಿದರೆ ಎಲ್ಲ ಸೆಟ್ಟಿಂಗ್ ಅದೇ ಅರ್ಥ ಕೊಡಬೇಕು ಅಂತಿಲ್ಲ. ಬೇರೆ ಮಾಡ್‌ನ ಫೈಲ್ ಅಂತೂ ಬೇಡವೇ ಬೇಡ. ಹೊಸ ವರ್ಷನ್ ಅಂದರೆ ಒಳ್ಳೆಯದು ಅನ್ನುವ ನಂಬಿಕೆಯೂ ನನಗಿಲ್ಲ. ಹಳೆಯ ಫೋನಿಗೆ ಎರಡು ವರ್ಷ ಹಿಂದಿನ ಮಾಡ್ ಎಷ್ಟೋ ಸಲ ನಯವಾಗಿ ಓಡುತ್ತದೆ. ಎಲ್ಲಿಂದ ಇಳಿಸುತ್ತೀರಿ ಅನ್ನುವುದರ ಮೇಲೆ ಕಣ್ಣಿರಲಿ. ಕ್ಯಾಮೆರಾ, ಮೈಕ್, ಫೈಲ್ ಮೂರಕ್ಕೂ ಅನುಮತಿ ಕೇಳುವ ಆ್ಯಪ್ ಇದು, ಮಾಡ್ ಮಾಡಿದವರದೇ ಪುಟದಿಂದ ತೆಗೆದುಕೊಳ್ಳಿ.

ಆಗಲೂ ಸರಿಹೋಗದಿದ್ದರೆ ಮಾಡ್ ಮಾಡಿದವರಿಗೆ ಬರೆಯಿರಿ. ಫೋನ್ ಮಾಡೆಲ್, ಆಂಡ್ರಾಯ್ಡ್ ವರ್ಷನ್, ಮಾಡ್‌ನ ಪೂರ್ತಿ ಫೈಲ್ ಹೆಸರು, ಕಾನ್ಫಿಗ್ ಹಾಕಿದ್ದೀರಾ ಇಲ್ಲವಾ, ಓಪನ್ ಕ್ಯಾಮೆರಾದಲ್ಲಿ ಏನಾಯಿತು, ಇಷ್ಟು ಹೇಳಿ. ಲ್ಯಾಂಪ್ ಪರೀಕ್ಷೆಯ ಸ್ಕ್ರೀನ್ ರೆಕಾರ್ಡಿಂಗ್ ಜೊತೆಗಿರಲಿ. ರೆಕಾರ್ಡ್ ಮಾಡುವಾಗ ಶೋ ಟ್ಯಾಪ್ಸ್ ಆನ್ ಇರಬೇಕು, ಇಲ್ಲದಿದ್ದರೆ ನೀವು ಎಲ್ಲಿ ಒತ್ತಿದಿರಿ ಅಂತ ಅವರಿಗೆ ಕಾಣುವುದಿಲ್ಲ. ಪಾಯಿಂಟರ್ ಲೊಕೇಶನ್ ಮಾತ್ರ ಆಫ್ ಮಾಡಿ, ಅದರ ಗೆರೆಗಳು ಫೋಕಸ್ ಉಂಗುರವನ್ನು ಮುಚ್ಚಿಬಿಡುತ್ತವೆ.